ಹಂಗೇರಿಯನ್ನರ ಹಬ್ಬಕ್ಕೆ ಹೊರಟಿರುವ ಮಕ್ಕಳಿಗೆ

ನ್ಯೂಜೆರ್ಸಿಯಲ್ಲಿ ಮನೆ ಮಾಡಿಕೊಂಡಿರುವ ಮಕ್ಕಳೇ, ಜೂನ್ ತಿಂಗಳ ಮೊದಲ ಶನಿವಾರ ಬೇರೆ ಕೆಲಸ ಹಚ್ಚಿಕೊಳ್ಳಬೇಡಿ. ನ್ಯೂ ಬ್ರನ್ಸ್‌ವಿಕ್‌ನ ಸಾಮರ್‌ಸೆಟ್ ಬೀದಿಯಲ್ಲಿ ಹಂಗೇರಿಯನ್ನರ ಹಬ್ಬ ಇರುತ್ತದೆ. ಮನೆಮಂದಿಯೆಲ್ಲ ಹೋಗಿ ಬನ್ನಿ. ಮಗಳ ಮನೆಗೆ ಬಂದಿದ್ದಾಗ ಮೊಮ್ಮಕ್ಕಳ ಕೈ ಹಿಡಿದು ನಾನೂ ಹೋಗಿದ್ದೆ. ಆ ಅನುಭವದಿಂದ ಈ ಮಾತು.

ಹೊರಡುವ ಹಿಂದಿನ ರಾತ್ರಿ ನಿಮ್ಮ ಮಕ್ಕಳಿಗೆ ಒಂದು ಕಥೆ ಹೇಳಿ. 1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನ ಜನ ಸೋವಿಯತ್ ಹಿಡಿತದ ವಿರುದ್ಧ ಎದ್ದರು. ಧ್ವಜದ ನಡುವೆ ಇದ್ದ ಕಮ್ಯುನಿಸ್ಟ್ ಲಾಂಛನವನ್ನು ಕತ್ತರಿಸಿ ತೆಗೆದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿದವು. ಸುಮಾರು 2 ಲಕ್ಷ ಜನ ದೇಶ ಬಿಟ್ಟರು. ಅವರಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಅಮೆರಿಕದಲ್ಲಿ ಮೊದಲು ತಂಗಿದ್ದು ನಿಮ್ಮ ಮಗ್ಗುಲಿನ ಕ್ಯಾಂಪ್ ಕಿಲ್ಮರ್ ಎಂಬ ಸೇನಾ ಶಿಬಿರದಲ್ಲಿ. ಅದರ ಒಂದಷ್ಟು ನೆಲ ಈಗ ರಟ್ಗರ್ಸ್ ವಿಶ್ವವಿದ್ಯಾಲಯದ ಲಿವಿಂಗ್‌ಸ್ಟನ್ ಕ್ಯಾಂಪಸ್. ಇಷ್ಟು ತಿಳಿದ ಮಗು, ನಡುವೆ ತೂತಿರುವ ಕೆಂಪು, ಬಿಳಿ, ಹಸಿರು ಧ್ವಜ ಎಲ್ಲಿ ಕಂಡರೂ ಹರಿದ ಬಟ್ಟೆ ಎಂದುಕೊಳ್ಳುವುದಿಲ್ಲ.

ಊಟದ ವಿಚಾರದಲ್ಲಿ ಮುಜುಗರ ಬೇಡ, ಕೇಳಿ ತಿನ್ನಿ. ಗುಯಾಶ್ ಸಾರಿನಲ್ಲಿ ದನದ ಮಾಂಸವಿರುತ್ತದೆ, ಎಲೆಕೋಸಿನ ಸುರುಳಿಯಲ್ಲಿ ಸಾಮಾನ್ಯವಾಗಿ ಹಂದಿಮಾಂಸ. ಸಸ್ಯಾಹಾರಿಗಳಿಗೆ ಲಾಂಗೋಶ್ ಇದೆ: ಹುದುಗಿದ ಹಿಟ್ಟನ್ನು ತಟ್ಟಿ, ಕರಿದು, ಬೆಳ್ಳುಳ್ಳಿ ಸವರಿ, ಹುಳಿ ಕೆನೆ ಮತ್ತು ತುರಿದ ಚೀಸ್ ಹಾಕಿ ಕೊಡುತ್ತಾರೆ. ಕರಿದದ್ದು ಎಣ್ಣೆಯಲ್ಲೋ ಹಂದಿ ಕೊಬ್ಬಿನಲ್ಲೋ ಎಂದು ಮಾತ್ರ ವಿಚಾರಿಸಿಕೊಳ್ಳಿ. ಅವರ ಪಪ್ರಿಕ ಪುಡಿಯ ವಾಸನೆ ನೋಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಣ್ಣ ಗಾಢ, ಖಾರ ಹದ. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಅದಿಲ್ಲದೆ ಇಂದು ನಮಗೂ ಅಡುಗೆಯಿಲ್ಲ, ಅವರಿಗೂ ಇಲ್ಲ.

ಕುಣಿತ ಶುರುವಾದಾಗ ಫೋನ್ ಜೇಬಿನಲ್ಲಿರಲಿ. ಬಾರ್ತೋಕ್ ಮತ್ತು ಕೊದಾಯ್ ಎಂಬ ಸಂಗೀತಗಾರರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ಸುತ್ತಿ ಜನಪದ ಹಾಡುಗಳನ್ನು ಕಲೆಹಾಕಿದರು. 1972ರಲ್ಲಿ ಬುಡಾಪೆಸ್ಟ್‌ನ ಯುವಕರು ಹಳ್ಳಿಯ ಕುಣಿತವನ್ನು ವೇದಿಕೆಯಿಂದ ಇಳಿಸಿ, ಬಂದವರೆಲ್ಲ ಕಲಿತು ಕುಣಿಯುವ ‘ತಾನ್ಸ್‌ಹಾಜ್’ ಕೂಟಗಳನ್ನು ಆರಂಭಿಸಿದರು. ನೋಡುವುದಕ್ಕಿಂತ ಕುಣಿಯುವುದೇ ಆ ಕೂಟಗಳ ಜೀವ. ಯಾರಾದರೂ ಕೈ ಚಾಚಿದರೆ ಹಿಂಜರಿಯದೆ ಮಕ್ಕಳೊಂದಿಗೆ ಕುಣಿಯುವವರ ವೃತ್ತಕ್ಕೆ ಸೇರಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಅಲ್ಲಿನ ಹಿರಿಯರ ಪಕ್ಕ ಸ್ವಲ್ಪ ಹೊತ್ತು ಕುಳಿತುಕೊಳ್ಳುವುದು. ‘ಯೋ ನಾಪೋತ್’ ಎಂದು ನಮಸ್ಕಾರ ಹೇಳಿ ನೋಡಿ, ಮುಖ ಅರಳುತ್ತದೆ. ಅವರ ಮಾತಿನಲ್ಲಿ ಹಾಜ್ ಎಂದರೆ ಮನೆ, ಹಾಜ್‌ಬನ್ ಎಂದರೆ ಮನೆಯಲ್ಲಿ. ಪದದ ಬೆನ್ನಿಗೆ ಪ್ರತ್ಯಯ ಅಂಟುವುದು ಕನ್ನಡದ ಕಿವಿಗೆ ಹೊಸದಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಾಗ ಸ್ವಂತ ಹೆಸರು ಕೊನೆಗೆ ಬರುವಂತೆ, ಅವರಲ್ಲೂ ಬಾರ್ತೋಕ್ ಬೇಲಾ ಎನ್ನುವಾಗ ಬೇಲಾ ಕೊನೆಗೆ.

ನಾನು ಹೋಗಿದ್ದಾಗ ಅಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಕಸೂತಿಯ ಏಪ್ರನ್ ಬಿಗಿಯುತ್ತಾ ಹಂಗೇರಿಯನ್‌ನಲ್ಲೇ ಗದರುತ್ತಿದ್ದರು. ಮಗು ಅದೇ ಭಾಷೆಯಲ್ಲಿ ಎದುರು ವಾದಿಸುತ್ತಿತ್ತು. ನನ್ನ ಮೊಮ್ಮಗ ಅದನ್ನು ನೋಡಿ, “ಇವಳು ಇಲ್ಲೇ ಹುಟ್ಟಿದವಳಲ್ವಾ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ನನಗೆ ಉತ್ತರ ಗಂಟಲಲ್ಲೇ ಉಳಿಯಿತು. ಆ ಮಗುವಿನ ನಾಲಗೆಗೆ ಭಾಷೆ ಬಂದದ್ದು ವರ್ಷಕ್ಕೊಂದು ದಿನದ ಹಬ್ಬದಿಂದಲ್ಲ. ವಾರ ವಾರದ ಪಾಠಶಾಲೆ, ಹಂಗೇರಿಯನ್ ಸ್ಕೌಟ್ ದಳ, ಮನೆಯ ಗದರಿಕೆ, ಮನೆಯ ಮುದ್ದು, ಇವೆಲ್ಲ ಸೇರಿ ಅದು ಉಳಿದಿದೆ.

ಆದ್ದರಿಂದ ಮಕ್ಕಳೇ, ಹಬ್ಬ ಮುಗಿಸಿ ಕಾರು ಹತ್ತಿದ ಮೇಲೆ ಒಂದು ಕೆಲಸ ಮಾಡಿ. ಏನೇನು ನೋಡಿದಿರಿ ಎಂದು ನಿಮ್ಮ ಮಕ್ಕಳನ್ನು ಕನ್ನಡದಲ್ಲಿ ಕೇಳಿ. ಅವರು ತಡವರಿಸಿದರೂ ಕಾಯಿರಿ, ಮನೆ ಮುಟ್ಟುವವರೆಗೂ ಕಾಯಿರಿ.