ಶ್ರೀಲಂಕೆಯ ಮೂರು ನಾಡುಗಳು

ರಜೆಯಲ್ಲಿ ಶ್ರೀಲಂಕೆಗೆ ಹೋಗುವವರಲ್ಲಿ ಅನೇಕರು ಕಡಲತೀರವನ್ನಷ್ಟೇ ಕಂಡು ಹಿಂದಿರುಗುವರು. ಭೂಪಟದಲ್ಲಿ ಕಿರಿದಾಗಿ ತೋರುವ ಈ ದ್ವೀಪದೊಳಗೆ ಮೂರು ಬಗೆಯ ನಾಡುಗಳಿರುವುದು ಅವರಿಗೆ ತಿಳಿಯುವುದೇ ಇಲ್ಲ.

ಮೊದಲನೆಯದು, ಕೊಲಂಬೊ ನಗರವಿರುವ ನೈಋತ್ಯ ಭಾಗ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಬೀಸುವ ಮುಂಗಾರು ಮಾರುತವು ಇಲ್ಲಿ ಧಾರಾಳವಾಗಿ ಮಳೆಗರೆಯುವುದರಿಂದ ತೆಂಗು, ರಬ್ಬರು ಸಮೃದ್ಧವಾಗಿ ಬೆಳೆಯುತ್ತವೆ.

ಎರಡನೆಯದು, ನಡುವಣ ಮಲೆನಾಡು. ಕೊಲಂಬೊದಿಂದ ರೈಲಿನಲ್ಲಿಯೇ ಇಲ್ಲಿಗೆ ಏರಿಬರಬಹುದು. ಇಲ್ಲಿಯ ಪಿದುರುತಲಗಲ ಶಿಖರದ ಎತ್ತರ 2524 ಮೀಟರು. ಹಿಂದೆ ಈ ಇಳಿಜಾರುಗಳಲ್ಲಿ ಕಾಫಿಯ ತೋಟಗಳಿದ್ದವು. 1869ರಲ್ಲಿ ಕಾಣಿಸಿಕೊಂಡ ಎಲೆರೋಗದಿಂದ ಅವು ಹಾಳಾಗಲು, ಚಹವು ಆ ಸ್ಥಾನವನ್ನು ಪಡೆಯಿತು.

ಬೆಟ್ಟವನ್ನು ದಾಟಿ ಉತ್ತರಕ್ಕೂ ಪೂರ್ವಕ್ಕೂ ಇಳಿದರೆ ಮೂರನೆಯ ನಾಡು. ಮುಂಗಾರಿನ ಮಳೆಯ ಬಹುಭಾಗವನ್ನು ಬೆಟ್ಟವೇ ತಡೆಯುವುದರಿಂದ ಆ ತಿಂಗಳುಗಳಲ್ಲಿ ಇಲ್ಲಿ ಬಿಸಿಲೇ ಹೆಚ್ಚು. ಹಿಂಗಾರು ಮಳೆಯೇ ಆಧಾರ. ಆದರೂ ಅನುರಾಧಪುರ, ಪೊಲೊನ್ನರುವ ಎಂಬ ಪ್ರಾಚೀನ ರಾಜಧಾನಿಗಳು ತಲೆಯೆತ್ತಿದುದು ಈ ಒಣನಾಡಿನಲ್ಲಿಯೇ! ಇದು ಹೇಗೆ ಸಾಧ್ಯವಾಯಿತು? ಕೆರೆಗಳಿಂದ. ಹನ್ನೆರಡನೆಯ ಶತಮಾನದಲ್ಲಿ ಆಳಿದ ಒಂದನೆಯ ಪರಾಕ್ರಮಬಾಹುವು ಪೊಲೊನ್ನರುವದಲ್ಲಿ ವಿಸ್ತರಿಸಿದ ಕೆರೆಗೆ 'ಪರಾಕ್ರಮ ಸಮುದ್ರ'ವೆಂದೇ ಹೆಸರು. ಕಾಲಾಂತರದಲ್ಲಿ ಪಾಳುಬಿದ್ದ ಅದು ಇಪ್ಪತ್ತನೆಯ ಶತಮಾನದಲ್ಲಿ ಜೀರ್ಣೋದ್ಧಾರಗೊಂಡು, ಈಗಲೂ ಗದ್ದೆಗಳಿಗೆ ನೀರುಣಿಸುತ್ತಿದೆ.

ಮಳೆಯ ನಾಡಿನಲ್ಲಿ ಪ್ರಕೃತಿಯ ಔದಾರ್ಯವನ್ನು ಕಾಣುತ್ತೇವೆ. ಒಣನಾಡಿನಲ್ಲಿ ಮನುಷ್ಯನ ದುಡಿಮೆಯನ್ನು ಕಾಣುತ್ತೇವೆ. ಬೆಟ್ಟದ ಎರಡೂ ಮಗ್ಗುಲನ್ನು ನೋಡಿದವನೇ ಶ್ರೀಲಂಕೆಯನ್ನು ನೋಡಿದವನು.