ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಜಾವಾದ ವಿದ್ಯುತ್ ಜಮಾಖರ್ಚು

ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ನಾಟಕ ನೋಡಿ, ಮಗಳನ್ನು ಹಿಂದೆ ಕುಳ್ಳಿರಿಸಿಕೊಂಡು, ತಂದೆಯವರ ಕಾಲದ ಜಾವಾ ಮೋಟಾರ್ ಸೈಕಲ್ಲಿನಲ್ಲಿ ಮುಲುಂಡಿನ ಮನೆಗೆ ಮರಳುತ್ತಿದ್ದೆ. ಸಯನ್ ದಾಟಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿಯುವಾಗಲೇ ಮುಂದೀಪದ ಬೆಳಕು ಹಳದಿಗೆ ತಿರುಗಿತ್ತು. ಘಾಟ್ಕೋಪರ್ ಬರುವಷ್ಟರಲ್ಲಿ ಹಾರ್ನು ಗೊಗ್ಗರು ದನಿಯಲ್ಲಿ ಕೆಮ್ಮತೊಡಗಿತು. ವಿಕ್ರೋಲಿಯ ಬಳಿ ಎಂಜಿನ್ ನಾಲ್ಕು ಬಾರಿ ಮುಗ್ಗರಿಸಿ ನಿಂತೇ ಹೋಯಿತು. ಸುರಿಯುವ ಮಳೆ, ಕತ್ತಲೆ, ಹಿಂದಿನ ಕೆಂಪು ದೀಪವೂ ಆರಿಹೋದ ಗಾಡಿ. ಬಂದ ಲಾರಿಯೊಂದು ಕೊನೆಯ ಗಳಿಗೆಯಲ್ಲಿ ನಮ್ಮನ್ನು ಕಂಡು ಪಕ್ಕಕ್ಕೆ ಹೊರಳಿತು. ಮಗಳು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮನೆ ಸೇರುವವರೆಗೆ ಒಂದು ಮಾತನ್ನೂ ಆಡಲಿಲ್ಲ.

ಆ ಬ್ಯಾಟರಿಯನ್ನು ಕೊಂಡು ಹನ್ನೊಂದು ದಿನವಾಗಿತ್ತಷ್ಟೆ. ಅದು ಆ ವರ್ಷದ ಮೂರನೆಯ ಬ್ಯಾಟರಿ! ಪ್ರತಿ ಸಲವೂ ರಿಪೇರಿಯವರು "ಬ್ಯಾಟರಿ ಹೋಗಿದೆ ಸಾಹೇಬರೆ" ಎಂದಿದ್ದರು. ನಾನೂ ಮರುಮಾತಿಲ್ಲದೆ ಹಣ ತೆತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮನೆಯಲ್ಲಿ ಇಂಥ ಹಳೆಯ ವಾಹನವನ್ನು ಉಳಿಸಿಕೊಂಡಿರುವ ಕನ್ನಡ ಬಂಧುಗಳು ಮುಂಬಯಿಯಲ್ಲಿ ಇದ್ದಾರೆ. ನನ್ನ ಪೇಚಾಟದಿಂದ ಅವರಿಗೆ ಪ್ರಯೋಜನವಾದೀತೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಎಂಜಿನಿಯರನಲ್ಲ; ವಾಣಿಜ್ಯ ಓದಿ ಬ್ಯಾಂಕು ಸೇರಿದವನು. ಆದುದರಿಂದ ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇನೆ.

ನಮ್ಮೂರಿನ ಯಂತ್ರ

ಜಾವಾ ಕಂಪನಿಯನ್ನು ೧೯೨೯ರಲ್ಲಿ ಪ್ರಾಗ್ ನಗರದಲ್ಲಿ ಸ್ಥಾಪಿಸಿದವರು ಫ್ರಾಂಟಿಶೆಕ್ ಯಾನೆಚೆಕ್. ಅವರ ಹೆಸರಿನ ಮೊದಲಕ್ಷರಗಳೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲಕ್ಷರಗಳೂ ಕೂಡಿ 'ಜಾವಾ' ಆಯಿತು. ೧೯೬೧ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಅಲ್ಲಿಯ ಗಾಡಿಗಳಿಗೆ 'ಯೆಜ್ಡಿ' ಎಂಬ ಹೆಸರು ಬಂದಿತು. ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಚೆಗೆ ೨೦೧೮ರಿಂದ ಅದೇ ಹೆಸರಿನ ಹೊಸ ಗಾಡಿಗಳು ಬಂದಿವೆಯಾದರೂ ಅವುಗಳ ಯಂತ್ರವೇ ಬೇರೆ. ಹಳೆಯ ಗಾಡಿಯನ್ನು ಬಲ್ಲ ಕುಶಲಿಗಳು ಈ ಮಹಾನಗರದಲ್ಲಿ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿರುವುದರಿಂದ, ಒಡೆಯನಾದವನು ತಾನೇ ಅಷ್ಟಿಷ್ಟು ಅರಿತುಕೊಳ್ಳುವುದು ಅನಿವಾರ್ಯ.

ಜಮೆ ಮತ್ತು ಖರ್ಚು

ಹಳೆಯ ಜಾವಾ ೨೫೦ರಲ್ಲಿ ವಿದ್ಯುತ್ತಿನ ವ್ಯವಸ್ಥೆ ೬ ವೋಲ್ಟಿನದು. ಬಲಗಡೆಯ ಮುಚ್ಚಳದ ಒಳಗೆ, ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಡೈನಮೋ ಸಂಪಾದಿಸುವವನು. ರೆಗ್ಯುಲೇಟರ್ ಎಂಬುದು ನಮ್ಮ ಕ್ಯಾಶಿಯರನಂತೆ: ಎಷ್ಟು ಜಮೆಯಾಗಬೇಕೆಂದು ನಿಯಂತ್ರಿಸುತ್ತದೆ; ಎಂಜಿನ್ ನಿಧಾನವಾದಾಗ ಬ್ಯಾಟರಿಯ ಹಣ ಹಿಂದಕ್ಕೆ ಡೈನಮೋವಿಗೆ ಸೋರದಂತೆ ಬಾಗಿಲು ಮುಚ್ಚುತ್ತದೆ. ಬ್ಯಾಟರಿಯು ಉಳಿತಾಯ ಖಾತೆ. ದೀಪ, ಹಾರ್ನು, ಕಿಡಿ ಹೊತ್ತಿಸುವ ಕಾಯಿಲ್, ಇವು ಖರ್ಚಿನ ಬಾಬುಗಳು. ಈ ಗಾಡಿಯಲ್ಲಿ ಕಿಡಿಯೂ ಬ್ಯಾಟರಿಯಿಂದಲೇ ಬರುವುದರಿಂದ, ಖಾತೆ ಬರಿದಾದರೆ ದೀಪದೊಡನೆ ಎಂಜಿನ್ನೂ ನಿಲ್ಲುತ್ತದೆ. ವಿಕ್ರೋಲಿಯಲ್ಲಿ ಆದದ್ದು ಇದೇ.

ಈಗ ಅಂಕಿಗಳನ್ನು ನೋಡೋಣ. ಡೈನಮೋವಿನ ಶಕ್ತಿ ೪೫ ವ್ಯಾಟ್; ಅದೂ ಎಂಜಿನ್ ಸಾಕಷ್ಟು ವೇಗವಾಗಿ ತಿರುಗಿದಾಗ ಮಾತ್ರ. ಮುಂದೀಪಕ್ಕೆ ೩೫ ವ್ಯಾಟಿನ ಬಲ್ಬು ಹಾಕಿದ್ದರೆ, ಹಿಂದಿನ ದೀಪಕ್ಕೆ ೫, ಕಾಯಿಲಿಗೆ ಸರಾಸರಿ ಹತ್ತು ಹನ್ನೆರಡು ಎಂದು ಹಿಡಿದರೂ, ರಾತ್ರಿಯ ಖರ್ಚು ೫೦ ವ್ಯಾಟ್ ಮುಟ್ಟುತ್ತದೆ. ಡೈನಮೋ ಪೂರ್ತಿ ಆರೋಗ್ಯವಾಗಿದ್ದರೂ, ಕುರ್ಲಾದ ವಾಹನಸಂದಣಿಯಲ್ಲಿ ದೀಪ ಹಚ್ಚಿಕೊಂಡು ಇಂಚಿಂಚಾಗಿ ಸರಿಯುವ ಗಾಡಿಯ ಆಯವ್ಯಯದಲ್ಲಿ ಖೋತಾ ಬೀಳುವುದು ಸಹಜ.

ಡೈನಮೋ ಏನನ್ನೂ ಗಳಿಸದಿದ್ದರೆ? ೧೨ ಆಂಪಿಯರ್-ಅವರ್ ಬ್ಯಾಟರಿ ಎಂದಿಟ್ಟುಕೊಳ್ಳಿ. ರಾತ್ರಿ ಸುಮಾರು ೮ ಆಂಪಿಯರ್ ಖರ್ಚಾಗುವುದರಿಂದ ಕಾಗದದ ಮೇಲೆ ಒಂದೂವರೆ ಗಂಟೆ, ವಾಸ್ತವದಲ್ಲಿ ಅದಕ್ಕಿಂತಲೂ ಕಡಿಮೆ ಬಾಳುತ್ತದೆ. ಹಗಲಿನಲ್ಲಿ ಕಾಯಿಲಿನ ಖರ್ಚು ೨ ಆಂಪಿಯರ್ ಮಾತ್ರವಾದ್ದರಿಂದ ಐದಾರು ಗಂಟೆ ನಡೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಓಡಿಸುವವನಿಗೆ ಹತ್ತು ದಿನ ಏನೂ ತಿಳಿಯುವುದಿಲ್ಲ! ಹೊಸ ಬ್ಯಾಟರಿ ಹಾಕಿದೊಡನೆ ಗಾಡಿ 'ಸರಿಹೋದಂತೆ' ತೋರುವುದರ ಗುಟ್ಟು ಇದು. ಅದು ರೋಗದ ಗುಣವಲ್ಲ, ಆರಂಭದ ಶಿಲ್ಕಿನ ಕರಗುವಿಕೆ. ನಾನು ಮೂರು ಬಾರಿ ಮೋಸಹೋದದ್ದು ಇಲ್ಲಿಯೇ.

ಪರೀಕ್ಷೆಯ ಕ್ರಮ

ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರ್ ಒಂದಿದ್ದರೆ ಸಾಕು. ಕ್ರಮವನ್ನು ಮಾತ್ರ ತಪ್ಪಿಸಬಾರದು.

೧. ಮೊದಲು ಕಣ್ಣಿನಿಂದ ನೋಡಿ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿದೆಯೇ? ಚೌಕಟ್ಟಿಗೆ ಸೇರುವ ಅರ್ತಿಂಗ್ ತಂತಿ ಬಿಗಿಯಾಗಿದೆಯೇ? ಮುಂಬಯಿಯ ಉಪ್ಪುಗಾಳಿಯಲ್ಲಿ ಅರ್ಧ ಕಾಯಿಲೆ ಈ ಸಂದುಗಳಲ್ಲೇ ಅಡಗಿರುತ್ತದೆ.

೨. ಕೀಲಿ ತಿರುಗಿಸಿದಾಗ ಕೆಂಪು ಎಚ್ಚರಿಕೆ ದೀಪ ಹೊತ್ತಬೇಕು. ಎಂಜಿನ್ ವೇಗ ಪಡೆದಾಗ ಆರಬೇಕು. ಹೊತ್ತಿದ್ದು ಆರದಿದ್ದರೆ ಜಮೆ ಆಗುತ್ತಿಲ್ಲ. ಮೊದಲಿಗೆ ಹೊತ್ತದೆಯೇ ಇದ್ದರೆ ಬಲ್ಬು ಸುಟ್ಟಿರಬಹುದು, ಇಲ್ಲವೆ ಡೈನಮೋವಿನ ಬ್ರಶ್ಶು ಅಂಟದೆ ದಾರಿ ಕಡಿದಿರಬಹುದು. ನನ್ನ ಗಾಡಿಯಲ್ಲಿ ಈ ದೀಪ ಬಹು ದಿನಗಳಿಂದ ಹೊತ್ತುತ್ತಿರಲಿಲ್ಲ. ಕಾವಲುಗಾರನೇ ಮಲಗಿದ್ದನೆಂಬುದು ನನಗೆ ಹೊಳೆಯಲಿಲ್ಲ.

೩. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಬ್ಯಾಟರಿಯನ್ನು ಅಳೆಯಿರಿ. ತುಂಬಿದ ಬ್ಯಾಟರಿ ಸುಮಾರು ೬.೩ ವೋಲ್ಟ್ ತೋರಿಸುತ್ತದೆ. ೬ಕ್ಕಿಂತ ಕೆಳಗಿದ್ದರೆ ಮೊದಲು ಹೊರಗಿನಿಂದ ಚಾರ್ಜ್ ಮಾಡಿಸಿ. ಅನಂತರ ದೀಪ ಆರಿಸಿ, ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸುತ್ತ ಪುನಃ ಅಳೆಯಿರಿ. ಅಂಕಿ ೭ರ ಆಸುಪಾಸಿಗೆ ಏರಿದರೆ ಎಲ್ಲವೂ ಕ್ಷೇಮ. ಏರದಿದ್ದರೆ ಗಳಿಕೆಯಿಲ್ಲ. ೭.೫ನ್ನು ಮೀರಿ ಏರಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಬ್ಯಾಟರಿಯ ನೀರು ಬೇಗ ಬತ್ತುತ್ತದೆ, ಬಲ್ಬುಗಳು ಸುಡುತ್ತವೆ.

೪. ಗಳಿಕೆಯಿಲ್ಲವೆಂದಾದರೆ, ತಪ್ಪು ದುಡಿಯುವವನದೋ ಕ್ಯಾಶಿಯರನದೋ ಎಂದು ಬೇರ್ಪಡಿಸಬೇಕು. ಡೈನಮೋವಿನಿಂದ ರೆಗ್ಯುಲೇಟರಿಗೆ ಹೋಗುವ ಎರಡು ತಂತಿಗಳನ್ನು ಗುರುತು ಹಾಕಿ ಬಿಚ್ಚಿರಿ; ಬಿಚ್ಚಿದ ತುದಿಗಳು ಎಲ್ಲಿಯೂ ತಾಗದಿರಲಿ. ಜಾವಾದಲ್ಲಿ ಡೈನಮೋವಿನ ಫೀಲ್ಡ್ ತುದಿಯನ್ನು ಚೌಕಟ್ಟಿಗೆ ಸೇರಿಸಿ, ಇನ್ನೊಂದು ತುದಿಗೂ ಚೌಕಟ್ಟಿಗೂ ನಡುವೆ ಮೀಟರ್ ಹಿಡಿದು, ಎಂಜಿನ್ನನ್ನು ನಿಧಾನವಾಗಿ, ಕೆಲವೇ ಕ್ಷಣ ಓಡಿಸಿರಿ. ಅಂಕಿ ಬೇಗನೆ ೬ನ್ನು ದಾಟಿದರೆ ಡೈನಮೋ ನಿರಪರಾಧಿ. ರೆಗ್ಯುಲೇಟರಿನ ಸಂಪರ್ಕ ಬಿಂದುಗಳನ್ನೂ ಅದರ ಅರ್ತಿಂಗನ್ನೂ ನೋಡಬೇಕು. ಅಂಕಿ ಏಳದಿದ್ದರೆ ದೋಷ ಡೈನಮೋವಿನಲ್ಲೇ ಇದೆ. ಬೇರೆ ಕಂಪನಿಗಳ ಗಾಡಿಗಳಲ್ಲಿ ಫೀಲ್ಡಿನ ಜೋಡಣೆ ತಿರುಗುಮುರುಗಾಗಿ ಇರುವುದುಂಟು; ಕೈಪಿಡಿಯ ನಕ್ಷೆ ನೋಡದೆ ಈ ಪರೀಕ್ಷೆಗೆ ಕೈಹಾಕಬೇಡಿ.

೫. ಡೈನಮೋವಿನಲ್ಲಿ ಮೊದಲು ನೋಡಬೇಕಾದುದು ಕಾರ್ಬನ್ ಬ್ರಶ್ಶುಗಳನ್ನು. ಸವೆದಿವೆಯೇ, ತಮ್ಮ ಗೂಡಿನಲ್ಲಿ ಸರಾಗವಾಗಿ ಜಾರುತ್ತವೆಯೇ, ಸ್ಪ್ರಿಂಗು ಒತ್ತುತ್ತಿದೆಯೇ? ಕಮ್ಯುಟೇಟರ್ ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಆರಿದ ಮೇಲೆ ಎಂಜಿನ್ ಓಡಿಸಿರಿ. ಉಜ್ಜಲೇಬೇಕಾದರೆ ನಯವಾದ ಗಾಜಿನ ಕಾಗದ ಬಳಸಿ. ಎಮರಿ ಕಾಗದ ಬೇಡ, ಅದರ ಹುಡಿ ಸಂದುಗಳಲ್ಲಿ ಉಳಿದು ಕೆಡುಕು ಮಾಡುತ್ತದೆ.

ನನ್ನ ಗಾಡಿಯಲ್ಲಿ ಐದನೆಯ ಹೆಜ್ಜೆಯಲ್ಲಿ ಸತ್ಯ ಹೊರಬಿತ್ತು. ಕ್ರ್ಯಾಂಕಿನ ಬಲಬದಿಯ ಆಯಿಲ್ ಸೀಲ್ ಸವೆದು, ಎಣ್ಣೆ ಡೈನಮೋವಿನ ಕೋಣೆಗೆ ಜಿನುಗಿತ್ತು. ಕಾರ್ಬನ್ ಹುಡಿಯೊಡನೆ ಅದು ಕಾಡಿಗೆಯಂತಾಗಿ ಒಂದು ಬ್ರಶ್ಶನ್ನು ಗೂಡಿನಲ್ಲೇ ಅಂಟಿಸಿಬಿಟ್ಟಿತ್ತು. ಹೊಸ ಸೀಲು, ಜೋಡಿ ಬ್ರಶ್ಶು, ಒಂದು ಪುಟ್ಟ ಕೆಂಪು ಬಲ್ಬು, ಇಷ್ಟೇ ಚಿಕಿತ್ಸೆ. ಇದಕ್ಕಾದ ಖರ್ಚು ಒಂದು ಬ್ಯಾಟರಿಯ ಬೆಲೆಯನ್ನೂ ಮುಟ್ಟಲಿಲ್ಲ.

ಆರೋಗ್ಯದ ಎರಡು ಮಾತು

ಈ ಸಂಚಿಕೆಯಲ್ಲಿ ವೈದ್ಯರ ಲೇಖನಗಳಿರುವುದರಿಂದ ನಾನೂ ಎರಡು ಮಾತು ಸೇರಿಸುತ್ತೇನೆ. ಬ್ಯಾಟರಿಯಲ್ಲಿರುವುದು ಗಂಧಕಾಮ್ಲ. ಕಣ್ಣಿಗೆ ಕನ್ನಡಕವಿಲ್ಲದೆ ಅದರ ಮುಚ್ಚಳ ತೆರೆಯಬೇಡಿ. ಕಣ್ಣಿಗೆ ಹನಿ ಸಿಡಿದರೆ ಉಜ್ಜದೆ, ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಚಾರ್ಜ್ ಆಗುವಾಗ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿ ಸಾಕು. ನಮ್ಮ ಫ್ಲ್ಯಾಟುಗಳ ಇಕ್ಕಟ್ಟಾದ ಬಾಲ್ಕನಿಯಲ್ಲಿ, ದೇವರ ದೀಪದ ಸಮೀಪದಲ್ಲಿ ಈ ಕೆಲಸ ಸಲ್ಲದು. ಬ್ಯಾಟರಿ ಬಿಚ್ಚುವಾಗ ಚೌಕಟ್ಟಿಗೆ ಸೇರಿದ ತಂತಿಯನ್ನು ಮೊದಲು ಬಿಚ್ಚಿ. ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಿ. ಕತ್ತಲೆಯಲ್ಲಿ ದೀಪ ಮಂಕಾದರೆ 'ಇನ್ನೇನು ಮನೆ ಬಂತು' ಎಂದು ಮುಂದುವರಿಯದೆ, ಬೆಳಕಿರುವ ಜಾಗದಲ್ಲಿ ಗಾಡಿ ನಿಲ್ಲಿಸಿ ರಿಕ್ಷಾ ಹಿಡಿಯಿರಿ. ನಾನು ಮುಂದುವರಿದೆ, ಅದು ನನ್ನ ತಪ್ಪು, ಯಂತ್ರದ್ದಲ್ಲ.

ಜ್ವರವೇ ರೋಗವಲ್ಲ, ಅದು ರೋಗದ ಲಕ್ಷಣ ಎಂದು ವೈದ್ಯರು ಹೇಳುತ್ತಾರೆ. ಬರಿದಾದ ಬ್ಯಾಟರಿಯೂ ಹಾಗೆಯೇ. ಬ್ಯಾಂಕಿನಲ್ಲಿ ಖಾತೆ ಬರಿದಾದವನಿಗೆ ಹೊಸ ಪಾಸ್‌ಬುಕ್ಕು ಕೊಟ್ಟರೆ ಏನು ಫಲ? ಹಣ ಏಕೆ ಜಮೆಯಾಗಲಿಲ್ಲವೆಂದು ವಿಚಾರಿಸಬೇಕು. ಈಗ ತಿಂಗಳ ಮೊದಲ ಭಾನುವಾರ ನಾನು ಮೀಟರ್ ಹಿಡಿಯುತ್ತೇನೆ, ಮಗಳು ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಕೀಲಿ ತಿರುಗಿಸಿದೊಡನೆ ಕೆಂಪು ದೀಪ ಹೊತ್ತಿತೇ ಎಂದು ನನಗಿಂತ ಮೊದಲು ಬಾಗಿ ನೋಡುವವಳೂ ಅವಳೇ. ಆ ರಾತ್ರಿಯ ನಂತರ ಅವಳು ಪುನಃ ಹಿಂದಿನ ಸೀಟಿನಲ್ಲಿ ಕುಳಿತದ್ದು ಆ ದೀಪ ಹೊತ್ತಿ, ಆರಿದ್ದನ್ನು ತಾನೇ ಕಂಡ ಮೇಲೆ.