ಆಟಿಸಂ ಇರುವ ಹರೆಯದ ಮಕ್ಕಳಿಗೂ ಗೆಳೆಯರು ಬೇಕು



"ನಮ್ಮ ಹುಡುಗ ಯಾರ ಜೋಡಿನೂ ಬೆರೆಯಂಗಿಲ್ಲ, ಅವನಿಗೆ ಗೆಳೆಯರು ಬೇಕಾಗೇ ಇಲ್ಲ" ಎಂದು ಆಟಿಸಂ ಇರುವ ಮಕ್ಕಳ ತಾಯಂದಿರು ಹೇಳುವುದುಂಟು. ಹಾಗಲ್ಲ. ಅನೇಕ ಮಕ್ಕಳಿಗೆ ಗೆಳೆತನ ಬೇಕು, ಶುರು ಮಾಡುವುದು ಹೇಗೆಂದು ತಿಳಿಯುವುದಿಲ್ಲ.

ಆಟಿಸಂ ಅಂದರೇನು?

ಇದು ಮೆದುಳಿನ ಬೆಳವಣಿಗೆಯಲ್ಲಿರುವ ಭಿನ್ನತೆ. ತಾಯಿಯ ತಪ್ಪಲ್ಲ, ಶಾಪವಲ್ಲ, ಗಾಳಿ ಸೋಂಕಿದ್ದೂ ಅಲ್ಲ. ಈ ಮಕ್ಕಳಲ್ಲಿ ಅನೇಕರಿಗೆ ಮುಖಭಾವ, ತಮಾಷೆ, ಸುತ್ತುಬಳಸಿದ ಮಾತು ಬೇಗ ಅರ್ಥವಾಗುವುದಿಲ್ಲ. ಹಂಪಿ ಉತ್ಸವದಂಥ ಗದ್ದಲದಲ್ಲಿ ಕೆಲವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹರೆಯಕ್ಕೆ ಬಂದಾಗ ಓರಗೆಯವರು ತಮ್ಮತಮ್ಮ ಗುಂಪು ಕಟ್ಟಿಕೊಳ್ಳುತ್ತಾರೆ. ಇವರು ಹೊರಗೇ ಉಳಿದು ಮಂಕಾಗುತ್ತಾರೆ.

ನಾವೇನು ಮಾಡಬಹುದು?

1. ಒಬ್ಬ ಗೆಳೆಯ ಸಾಕು. ಮಗುವಿಗೆ ಇಷ್ಟವಾದದ್ದರಿಂದಲೇ ಶುರು ಮಾಡಿರಿ. ಹೊಸಪೇಟೆ ಸ್ಟೇಷನ್ನಿನ ರೈಲುಗಳ ಸಮಯವೆಲ್ಲ ಬಾಯಿಪಾಠ ಇರುವ ಹುಡುಗನಿಗೆ ರೈಲು ನೋಡಲು ಜೊತೆ ಸಿಕ್ಕರೆ ಮಾತು ತಾನಾಗಿ ಬರುತ್ತದೆ.

2. ದಿನ, ಹೊತ್ತು ಗೊತ್ತು ಮಾಡಿರಿ. ಏನು ಆಡುವುದು, ಯಾವಾಗ ಮುಗಿಸುವುದು ಎಂದು ಮೊದಲೇ ಹೇಳಿರಿ.

3. ಜೊತೆಯ ಮಕ್ಕಳಿಗೂ ತಿಳಿಸಿರಿ: "ಕಣ್ಣಿಟ್ಟು ನೋಡದಿದ್ದರೆ ಅದು ಸೊಕ್ಕಲ್ಲ. ನೇರವಾಗಿ ಮಾತಾಡು, ಉತ್ತರಕ್ಕೆ ಸ್ವಲ್ಪ ಕಾಯಿ."

4. ಮೊಬೈಲನ್ನು ಪೂರಾ ಕಿತ್ತುಕೊಳ್ಳಬೇಡಿರಿ. ವಾಟ್ಸಾಪಿನಲ್ಲಿ ಬರೆದು ಮಾತಾಡುವುದು ಕೆಲವರಿಗೆ ಸುಲಭ. ಯೋಚಿಸಲು ಸಮಯ ಸಿಗುತ್ತದೆ. ಸಂಡೂರಿನ ಹುಡುಗಿ ತಾನು ಬರೆದ ಚಿತ್ರವನ್ನು ಕಂಪ್ಲಿಯ ಗೆಳತಿಗೆ ಕಳಿಸಬಹುದು.

ಎಚ್ಚರಿಕೆ

ಹೇಳಿದ್ದನ್ನು ಹಾಗೇ ನಂಬುವ ಮಕ್ಕಳಿಗೆ ಮೋಸ ಮಾಡುವುದು ಸುಲಭ. ಬರೀ "ಹುಷಾರಾಗಿರು" ಅಂದರೆ ಸಾಲದು. ಸ್ಪಷ್ಟವಾಗಿ ಬರೆದು ಗೋಡೆಗೆ ಅಂಟಿಸಿರಿ:

- ಓಟಿಪಿ ಯಾರಿಗೂ ಹೇಳಬಾರದು.
- ಮೈ ಕಾಣುವ ಫೋಟೋ ಯಾರು ಕೇಳಿದರೂ ಕಳಿಸಬಾರದು.
- ಫೋನಿನಲ್ಲಷ್ಟೇ ಪರಿಚಯವಾದವರನ್ನು ನೋಡಲು ಒಬ್ಬರೇ ಹೋಗಬಾರದು.
- "ಮನೇಲಿ ಹೇಳಬೇಡ" ಎಂದು ಯಾರಾದರೂ ಅಂದರೆ, ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು.

ಹಣ ಹೋದರೆ ಕೂಡಲೇ 1930ಕ್ಕೆ, ಮಗುವಿಗೆ ಯಾರಾದರೂ ತೊಂದರೆ ಕೊಟ್ಟರೆ 1098ಕ್ಕೆ ಫೋನ್ ಮಾಡಿರಿ.

ಹಕ್ಕು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಓರಗೆಯ ಮಕ್ಕಳೊಡನೆ ಕೂತು ಕಲಿಯುವ ಹಕ್ಕು ಇವರಿಗೂ ಇದೆ. ಗೆಳೆತನ ಹುಟ್ಟುವುದು ಅಲ್ಲಿಯೇ. ಶಾಲೆ ಬಿಡಿಸಬೇಡಿರಿ. ಯುಡಿಐಡಿ ಕಾರ್ಡಿಗಾಗಿ ನಿಮ್ಮ ಪಂಚಾಯ್ತಿಯ ವಿ.ಆರ್.ಡಬ್ಲ್ಯೂ. ಅವರನ್ನು ವಿಚಾರಿಸಿರಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಓಣಿಯಲ್ಲಿ ಇಂಥ ಮಗು ಇದೆಯೇ? ಅದಕ್ಕೆ ಗೆಳೆಯರು ಯಾರು?
2. ನಮ್ಮ ಮಕ್ಕಳಲ್ಲಿ ಯಾರು ವಾರಕ್ಕೆ ಒಂದು ತಾಸು ಜೊತೆ ಕೊಡಬಹುದು? ಮುಂದಿನ ಸಭೆಯೊಳಗೆ ಒಬ್ಬರನ್ನಾದರೂ ಗೊತ್ತು ಮಾಡಿರಿ.